ಹಲಗೆಯ ಹಿಂದಿನ ಬಾಗಿಲು

ಜೂನ್ ೧೨

ಅಪ್ಪಾ,

ಹಾಸ್ಟೆಲಿಗೆ ಕ್ಷೇಮವಾಗಿ ತಲುಪಿದೆ. ಟ್ರಂಕಿನ ಚಿಲಕ ಬಸ್ಸಲ್ಲೇ ಕಿತ್ತು ಕೈಗೆ ಬಂತು. ಬಡಗಿ ಮಗಳ ಟ್ರಂಕಿಗೆ ಹಗ್ಗ ಕಟ್ಟಿರೋದನ್ನ ನೋಡಿ ವಾರ್ಡನ್ ಮೂಗು ಮುರಿದರು, ಮಾನ ಹೋಯ್ತು.

ಇಲ್ಲಿ ಮೊದಲ ಟರ್ಮ್ ಮುಗಿಯೋವರೆಗೂ ಫೋನಿಲ್ಲ, ಮನೆಯವರ ಭೇಟಿ ಇಲ್ಲ. ಪತ್ರ ಮಾತ್ರ. ಬಂದ ಪತ್ರಗಳನ್ನ ಗುಡ್ಡೆ ಹಾಕಿಟ್ಟು ಶನಿವಾರ ಸಂಜೆ ಹಂಚ್ತಾರೆ. ಒಡೆದು ಓದಲ್ವಂತೆ. ಎಪ್ಪತ್ತೆರಡು ಹುಡುಗಿಯರ ಮನೆಯ ಗೋಳು ಓದೋಕೆ ಅವರಿಗೇನು ಹುಚ್ಚಾ?

ರಜೆಯಲ್ಲಿ ನೀನು ಕೆಲಸ ಮಾಡಿದ ಆ ಕೋಣೆಯೇ ನಮ್ಮ ಕ್ಲಾಸು! ಹಳೇ ಗೋದಾಮು ಅಂತ ಯಾರೂ ಹೇಳೋ ಹಾಗಿಲ್ಲ. ಆರು ಕಿಟಕಿಗೂ ಹಲಗೆ, ಅದರ ಮೇಲೆ ಬಿಳಿ ಬಣ್ಣ. ಗೋಡೆ ಬಿಳಿ, ಸೂರು ಬಿಳಿ, ಟ್ಯೂಬ್‌ಲೈಟ್ ಬಿಳಿ. ಬೆರಳಾಡಿಸಿ ನೋಡಿದೆ, ಹಲಗೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತೆ ಅಂತ ಗೊತ್ತೇ ಆಗಲ್ಲ. ‘ಇದು ನಮ್ಮಪ್ಪ ಮಾಡಿದ್ದು’ ಅಂತ ಬೀಗುತ್ತಾ ಹೇಳಿದೆ. ಪಕ್ಕದಲ್ಲಿದ್ದವಳು ನನ್ನ ಮುಖ ನೋಡಿ, ‘ಓ, ನಿಮ್ಮಪ್ಪನಾ?’ ಅಂದಳು. ಹೊಗಳಿದಳೋ ಬೈದಳೋ ತಿಳೀಲಿಲ್ಲ. ಸಣ್ಣಗೆ ಚೂರೇ ಚೂರು ಇದ್ದಾಳೆ, ಎಲ್ಲರೂ ಗುಬ್ಬಿ ಅಂತಾರೆ.

ಕೂರೋದು ಅಂಕದ ಲೆಕ್ಕದಲ್ಲಿ, ಸದ್ಯಕ್ಕೆ ಸೇರುವಾಗಿನ ಅಂಕ. ಮೊದಲನೆಯವಳು ಬಾಗಿಲ ಪಕ್ಕ, ಫ್ಯಾನಿನ ಕೆಳಗೆ. ಅಂಕ ಇಳಿದಷ್ಟೂ ಹಿಂದೆ ಹಿಂದೆ. ನಾನು ಐವತ್ತೆಂಟನೇ ಸ್ಥಾನ, ಗುಬ್ಬಿ ಐವತ್ತೊಂಬತ್ತು. ಅಮ್ಮನಿಗೆ ನಲವತ್ತು ಅಂತ ಹೇಳು, ಪರವಾಗಿಲ್ಲ.

ಇಂತಿ ನಿನ್ನ ಬಾಯಿಬಡುಕಿ


ಜೂನ್ ೨೧

ಬಾಯಿಬಡುಕಿಗೆ,

ಅಮ್ಮನಿಗೆ ನಲವತ್ತು ಅಂದೆ. ‘ಅಂದ್ರೆ ಅರವತ್ತು ಇರುತ್ತೆ ಬಿಡಿ’ ಅಂದಳು. ಇಬ್ಬರೂ ಸಿಕ್ಕಿಬಿದ್ವಿ.

ಹಲಗೆ ಮೆಚ್ಚಿದ್ದಕ್ಕೆ ಖುಷಿಯಾಯ್ತು. ಒಂದು ಗೆರೆ ಬೆಳಕು ಒಳಗೆ ಬರಬಾರದು, ಹೊರಗಿನ ಒಂದು ಸದ್ದು ಕೇಳಬಾರದು ಅಂದಿದ್ದರು ನಿಮ್ಮ ಪ್ರಿನ್ಸಿಪಾಲರು. ಸಂದಿಗೆಲ್ಲ ಬಟ್ಟೆ ಪಟ್ಟಿ ತುರುಕಿ ಅಂಟು ಬಳಿದೆ. ತಿರುಪಿನ ತಲೆ ಒಳಕ್ಕಿಳಿಸಿ ಮೇಲೆ ಪುಟ್ಟಿ ಹಚ್ಚಿ ಮೂರು ಸಲ ತಿಕ್ಕಿದೆ. ನಾನೇ ಕೀಳ್ತೀನಿ ಅಂದ್ರೂ ತಿರುಪು ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಚೊಕ್ಕ. ಕೆಲಸ ನೋಡಿ ಅವರೇ ಕೇಳಿದರು, ‘ಮಗಳಿದ್ದಾಳಂತಲ್ಲ, ಕಳಿಸಿ’ ಅಂತ. ಇಲ್ಲದಿದ್ರೆ ನಿನ್ನ ಅಂಕಕ್ಕೆ ಆ ಸೀಟು ಎಲ್ಲಿ ಸಿಗ್ತಿತ್ತು, ನೀನೇ ಹೇಳು.

ಕಿಟಕಿ ಇದ್ರೆ ನೀನು ಓದ್ತೀಯಾ? ಬೀದಿಯಲ್ಲಿ ಹೋಗೋ ನಾಯಿನ ಕೂಡ ಮಾತಾಡಿಸೋಳು ನೀನು. ತಲೆ ತಗ್ಗಿಸಿ ಓದು.

ಇಂತಿ ಅಪ್ಪ


ಜುಲೈ ೧೩

ಅಪ್ಪಾ,

ಹೋದ ವಾರದ ಪರೀಕ್ಷೆಯಲ್ಲಿ ಅಂಕ ಕುಸಿದು ಅರವತ್ತೆಂಟನೇ ಸ್ಥಾನಕ್ಕೆ ಬಂದೆ. ಈಗ ಕೊನೇ ಸಾಲು, ಹಿಂದಿನ ಗೋಡೆಗೆ ಬೆನ್ನು ತಾಗುತ್ತೆ. ಗುಬ್ಬಿಯೂ ನನ್ನ ಜೊತೆಗೇ ಬಿದ್ದಳು, ಪುಣ್ಯಕ್ಕೆ.

ಬೈಯೋ ಮುಂಚೆ ಕೇಳು. ನಾನು ಓದ್ತಿಲ್ಲ ಅಂತಲ್ಲ. ಬೆಳಿಗ್ಗೆ ಏಳಕ್ಕೆ ಒಳಗೆ ಹೋದ್ರೆ ಮಧ್ಯಾಹ್ನ ಒಂದಕ್ಕೆ ಹೊರಗೆ, ಮತ್ತೆ ಎರಡರಿಂದ ಏಳು. ಒಳಗಿದ್ದಾಗ ಹೊತ್ತು ಏರಿತೋ ಇಳೀತೋ ಗೊತ್ತಾಗಲ್ಲ. ಟ್ಯೂಬ್‌ಲೈಟು ಗುಂಯ್ ಅಂತಾನೇ ಇರುತ್ತೆ. ಎಪ್ಪತ್ತೆರಡು ಜನರ ಉಸಿರು ಅಲ್ಲೇ ಸುತ್ತುತ್ತೆ, ಹಿಂದಿನ ಸಾಲಿಗೆ ಬರೋ ಹೊತ್ತಿಗೆ ಅದು ಬಿಸಿಯಾಗಿ ಹುಳಿ ವಾಸನೆ ಹೊಡೀತಿರುತ್ತೆ. ಯಾರಾದ್ರೂ ಪೆನ್ನು ಬೀಳಿಸಿದ್ರೆ ಆ ಸದ್ದು ನಾಲ್ಕೂ ಗೋಡೆಗೆ ಬಡಿದು ವಾಪಸ್ ಬರುತ್ತೆ, ಎಲ್ಲರೂ ಬೆಚ್ಚಿ ಬೀಳ್ತೀವಿ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ನನ್ನ ಅಂಗೈ ಬೆವರಿ ಕಾಗದ ಒದ್ದೆ ಆಗುತ್ತೆ. ಗೊತ್ತಿರೋ ಉತ್ತರ ಗೊತ್ತಿಲ್ಲದ ಹಾಗಾಗುತ್ತೆ. ಗುಬ್ಬಿ ಹುಬ್ಬಿನ ಕೂದಲು ಒಂದೊಂದೇ ಕೀಳ್ತಾಳೆ, ಎಡಗಡೆ ಹುಬ್ಬು ಅರ್ಧ ಖಾಲಿ.

ಬಾಗಿಲು ಒಂದೇ, ಅದೂ ಮುಂದೆ. ಪರೀಕ್ಷೆ ಶುರುವಾದ ಮೇಲೆ ಮೇಷ್ಟ್ರು ಹೊರಗೆ ಹೋಗಿ ಕೂರ್ತಾರೆ, ಅಟೆಂಡರ್ ಹೊರಗಿನಿಂದ ಚಿಲಕ ಹಾಕ್ತಾನೆ. ತಡವಾಗಿ ಬಂದವರು ನುಗ್ಗಬಾರದು ಅಂತ. ಆ ಚಿಲಕದ ಸದ್ದು ಕೇಳಿದ್ರೆ ನಾನು ಬರೆಯೋದು ಬಿಟ್ಟು ಬಾಗಿಲ ಕಡೆ ನೋಡ್ತೀನಿ ಅಪ್ಪಾ. ಹೆದರಿಕೆ ಅಂದ್ರೆ ಬರೀ ಪರೀಕ್ಷೆ ಹೆದರಿಕೆ ಅಲ್ಲ. ಏನಾದ್ರೂ ಆದ್ರೆ ನಾವೆಲ್ಲ ಎಲ್ಲಿಂದ ಹೋಗೋದು ಅನ್ನೋದು. ಏನಾಗುತ್ತೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ಒಂದು ಮಾತು ಕೇಳ್ತೀನಿ. ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಕಡೆ ತಟ್ಟಿದ್ರೆ ಟೊಳ್ಳು ಸದ್ದು ಬರುತ್ತೆ. ಅಲ್ಲೂ ನಿನ್ನ ಹಲಗೆ ಇದೆಯಾ? ಅದರ ಹಿಂದೆ ಏನಿದೆ?

ಇಂತಿ ನಿನ್ನ ಮಗಳು


ಜುಲೈ ೨೨

ಮರಿ,

ನಿನ್ನ ಪತ್ರ ಓದಿ ಅಮ್ಮ ಊಟ ಬಿಟ್ಟಳು. ನಾನು ಗಟ್ಟಿ ಮನುಷ್ಯ, ಅರ್ಧ ಊಟ ಮಾಡಿದೆ.

ನಿನ್ನ ಬೆನ್ನ ಹಿಂದೆ ಇರೋದು ಬಾಗಿಲು. ಗೋದಾಮಿದ್ದಾಗ ಸಾಮಾನು ಸಾಗಿಸ್ತಿದ್ದ ದೊಡ್ಡ ಎರಡು ರೆಕ್ಕೆಯ ಬಾಗಿಲು. ಗೋಡೆ ಒಂದೇ ಸಮ ಕಾಣಲಿ ಅಂತ ಮೇಲೆ ಹಲಗೆ ಹೊಡೆದಿದ್ದೀನಿ, ಅಷ್ಟೇ. ಏನಾದ್ರೂ ಆಯ್ತು ಅಂದ್ಕೋ, ಮೂರು ನಾಲ್ಕು ಜನ ಭುಜ ಕೊಟ್ಟು ನೂಕಿದ್ರೆ ಹಲಗೆ ಒಡೆಯುತ್ತೆ. ಬಾಗಿಲು ಹೊರಕ್ಕೆ ತೆರೆಯುತ್ತೆ. ಆಚೆ ಓಣಿ, ಓಣಿ ದಾಟಿದ್ರೆ ಬೀದಿ. ಎಲ್ಲರಿಗಿಂತ ಈ ಬಾಗಿಲಿಗೆ ಹತ್ತಿರ ಇರೋಳು ನೀನೇ! ಮೊದಲ ರ‍್ಯಾಂಕಿನವಳಿಗೂ ಆ ಭಾಗ್ಯ ಇಲ್ಲ.

ಈಗ ಹೆದರಿಕೆ ಬಿಡು. ನಿಮ್ಮಪ್ಪ ಮಾಡಿದ ಕೆಲಸ ಅದು.

ಇಂತಿ ಅಪ್ಪ


ಆಗಸ್ಟ್ ೧೦

ಅಪ್ಪಾ ಅಪ್ಪಾ ಅಪ್ಪಾ,

ನಿನ್ನ ಪತ್ರ ಓದಿದ ದಿನದಿಂದ ನಾನು ಬೇರೇನೇ ಆಗಿದ್ದೀನಿ. ಪರೀಕ್ಷೆಯಲ್ಲಿ ಎದೆ ಡವಡವ ಅಂದಾಗ ಬೆನ್ನು ಹಲಗೆಗೆ ಒರಗಿಸ್ತೀನಿ. ಇದು ಬಾಗಿಲು, ಇದು ಬಾಗಿಲು ಅಂತ ಎರಡು ಸಲ ಅಂದ್ಕೊಳ್ತೀನಿ. ಉಸಿರು ತಾನಾಗೇ ಸರಿಯಾಗುತ್ತೆ. ಕೋಣೆ ಅದೇ, ಸೆಕೆ ಅದೇ, ಟ್ಯೂಬ್‌ಲೈಟಿನ ಗೋಳೂ ಅದೇ. ಆದ್ರೂ ಅಂಗೈ ಒಣಗಿದೆ!

ಗುಬ್ಬಿಗೆ ಹೇಳಿದೆ. ಗುಬ್ಬಿ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತಾ? ಎರಡು ದಿನದಲ್ಲಿ ಎಪ್ಪತ್ತೆರಡು ಜನಕ್ಕೂ ಗೊತ್ತು. ಮೇಷ್ಟ್ರಿಗೆ ಮಾತ್ರ ಗೊತ್ತಿಲ್ಲ. ಮುಂದಿನ ಸಾಲಿನ ಪಂಡಿತೆಯರು ಕೂಡ ನೆಪ ಹುಡುಕಿ ಹಿಂದೆ ಬಂದು ಹಲಗೆ ಮುಟ್ಟಿ ಹೋಗ್ತಾರೆ. ಇಡೀ ಕ್ಲಾಸು ಒಂದೇ ಸಲ ಉಸಿರು ಬಿಟ್ಟ ಹಾಗಿದೆ. ಗುಬ್ಬಿ ಹುಬ್ಬು ಕೀಳೋದು ಬಿಟ್ಟಿದ್ದಾಳೆ.

ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ. ಈ ಸಲ ನನಗೆ ಎಲ್ಲಾ ಉತ್ತರ ಬರ್ತಿತ್ತು. ಬರೆದಿದ್ರೆ ಮೂವತ್ತರೊಳಗೆ ಬರ್ತಿದ್ದೆ. ಆದ್ರೆ ಮೂವತ್ತನೇ ಸೀಟು ನಡುಮಧ್ಯ. ಬಾಗಿಲು ದೂರ. ಅದಕ್ಕೆ ಬೇಕಂತಲೇ ನಾಲ್ಕು ಪ್ರಶ್ನೆ ಬಿಟ್ಟೆ. ಗುಬ್ಬಿಯೂ ಬಿಟ್ಟಳು. ನಮ್ಮ ಜಾಗ ನಮಗೇ ಇರಲಿ ಅಂತ.

ಇಂತಿ ನಿನ್ನ ಬಾಯಿಬಡುಕಿ


ಆಗಸ್ಟ್ ೧೮

ಮಾನ್ಯ ಪ್ರಿನ್ಸಿಪಾಲರಿಗೆ,

ನಿಮ್ಮ ದೊಡ್ಡ ಕೋಣೆಯ ಮರದ ಕೆಲಸ ಮಾಡಿದ ಬಡಗಿ ಮಾಡುವ ನಮಸ್ಕಾರಗಳು. ನನ್ನ ಮಗಳು ನಿಮ್ಮಲ್ಲೇ ಓದುತ್ತಿದ್ದಾಳೆ.

ಸಾರ್, ನನ್ನಿಂದ ಒಂದು ತಪ್ಪಾಗಿದೆ. ಹಿಂದಿನ ಬಾಗಿಲಿಗೆ ಹಲಗೆ ಕೂರಿಸುವಾಗ ಬಾಗಿಲ ಹಿಡಿ, ಒಳಗಿನ ಚಿಲಕ ಎರಡೂ ಮುಂದಕ್ಕೆ ಚಾಚಿಕೊಂಡಿದ್ದವು. ಹಲಗೆ ಗೋಡೆಗೆ ಸಮವಾಗಿ ಕೂರುತ್ತಿರಲಿಲ್ಲ. ಎರಡು ಬೆರಳು ಉಬ್ಬಿ ಕಾಣುತ್ತಿತ್ತು. ನನಗೆ ಅದನ್ನು ಸಹಿಸಲಾಗಲಿಲ್ಲ. ಹಿಡಿ, ಚಿಲಕ ಬಿಚ್ಚಿ ತೆಗೆದೆ. ಒಳಗೆ ಚಿಲಕ ಇಲ್ಲದ ಮೇಲೆ ಬಾಗಿಲು ಅಲ್ಲಾಡುತ್ತದೆಂದು ಹೊರಗಿನಿಂದ ಅಗಳಿ ಜಡಿದೆ. ಯಾರೂ ಹೇಳಿದ್ದಲ್ಲ, ಕೆಲಸ ಚೊಕ್ಕವಾಗಿ ಕಾಣಲಿ ಎಂದು ನಾನೇ ಮಾಡಿದ್ದು. ಒಳಗಿನಿಂದ ಎಷ್ಟು ಜನ ನೂಕಿದರೂ ಅದು ತೆರೆಯುವುದಿಲ್ಲ. ನಲವತ್ತು ವರ್ಷ ಈ ಕೆಲಸ ಮಾಡಿದವನು, ಒಳಗೆ ಕೂರುವವರು ಮಕ್ಕಳು ಎಂಬುದನ್ನೇ ಮರೆತೆ.

ದಯವಿಟ್ಟು ಒಂದು ಭಾನುವಾರ ಅವಕಾಶ ಕೊಡಿ. ಕೂಲಿ ಬೇಡ. ಹಲಗೆ ತೆಗೆದು ಬಾಗಿಲು ಸರಿಮಾಡಿ, ಎರಡು ಕಿಟಕಿಯನ್ನಾದರೂ ಬಿಚ್ಚಿಕೊಡುತ್ತೇನೆ.

ಇಂತಿ ವಿನಯಪೂರ್ವಕ,
ಬಡಗಿ


ಆಗಸ್ಟ್ ೨೬

ಶ್ರೀಯುತರೇ,

ತಮ್ಮ ಪತ್ರ ತಲುಪಿದೆ. ಸದರಿ ಕೊಠಡಿಯಲ್ಲಿ ವಿದ್ಯಾರ್ಥಿನಿಯರ ಏಕಾಗ್ರತೆ ಗಮನಾರ್ಹವಾಗಿ ಸುಧಾರಿಸಿದ್ದು, ಕಳೆದ ಎರಡು ಪರೀಕ್ಷೆಗಳಲ್ಲಿ ಸರಾಸರಿ ಅಂಕಗಳು ಏರಿವೆ. ಆದ್ದರಿಂದ ವರ್ಷದ ಮಧ್ಯದಲ್ಲಿ ಯಾವುದೇ ಬದಲಾವಣೆ ಸಾಧ್ಯವಿಲ್ಲ. ಬೇಸಿಗೆ ರಜೆಯಲ್ಲಿ ಪರಿಶೀಲಿಸಬಹುದು.

ತಮ್ಮ ಪುತ್ರಿಯ ಸ್ಥಾನ ಅರವತ್ತೇಳು. ತಮ್ಮ ಆತಂಕವನ್ನು ಆ ಕಡೆ ಹರಿಸುವುದು ಒಳಿತು. ಸೀಟಿಗಾಗಿ ಕಾಯುತ್ತಿರುವವರು ಅನೇಕರಿದ್ದಾರೆ ಎಂಬುದು ತಮಗೆ ತಿಳಿದೇ ಇದೆ.

ಇಂತಿ,
ಪ್ರಿನ್ಸಿಪಾಲರು


ಸೆಪ್ಟೆಂಬರ್ ೪

ಮರಿ,

ಈ ಪತ್ರ ಮೂರು ಸಲ ಬರೆದು ಹರಿದೆ. ಈಗ ಅಮ್ಮ ಎದುರಿಗೇ ಕೂತಿದ್ದಾಳೆ. ‘ನೀವು ಬರೀತೀರೋ ನಾನು ಬರೀಲೋ’ ಅಂತಿದ್ದಾಳೆ.

ನಾನು ನಿನಗೆ ಸುಳ್ಳು ಹೇಳಿದೆ. ಹಿಂದೆ ಬಾಗಿಲಿರೋದು ನಿಜ. ಅದು ತೆರೆಯಲ್ಲ. ಹಲಗೆ ಸಮ ಕೂರಲಿ ಅಂತ ನಾನೇ ಒಳಗಿನ ಹಿಡಿ ತೆಗೆದೆ, ಹೊರಗೆ ಅಗಳಿ ಜಡಿದೆ. ಜುಲೈಯಲ್ಲಿ ನಿನ್ನ ಪತ್ರ ಕೈಗೆ ಬಂದಾಗ ನನಗೆ ಇದೆಲ್ಲ ನೆನಪಿತ್ತು. ನೆನಪಿದ್ದೂ ಹಾಗೆ ಬರೆದೆ. ನೀನು ಹೆದರಿದ್ದೆ, ನನ್ನ ಕೈಲಿ ನೋಡೋಕಾಗಲಿಲ್ಲ. ಆಮೇಲೆ ನಿನ್ನ ಖುಷಿ ಪತ್ರ ಬಂತಲ್ಲ, ಅದನ್ನ ಓದಿ ಕೈಲಿದ್ದ ಉಳಿ ಕೆಳಗಿಟ್ಟೆ. ನೀನು ಬೇಕಂತಲೇ ಉತ್ತರ ಬಿಟ್ಟು ಆ ಬಾಗಿಲ ಹತ್ತಿರ ಕೂತಿದ್ದೀಯ. ಎಪ್ಪತ್ತೆರಡು ಜನ ಅದನ್ನ ನಂಬಿ ಕೂತಿದ್ದೀರಿ.

ಪ್ರಿನ್ಸಿಪಾಲರಿಗೆ ಬರೆದೆ, ಆಗಲ್ಲ ಅಂದರು. ನಿನ್ನೆ ನಾನೇ ಬಂದೆ. ನಿನಗೆ ಗೊತ್ತಿಲ್ಲ. ಗೇಟಿನಲ್ಲಿ ಬಿಡಲಿಲ್ಲ, ಹಿಂದಿನ ಓಣಿಗೆ ಸುತ್ತಿ ಬಂದೆ. ಬಾಗಿಲಿಗೆ ಅಡ್ಡವಾಗಿ ಮುರಿದ ಬೆಂಚುಗಳನ್ನ ಎದೆಮಟ್ಟ ಪೇರಿಸಿದ್ದಾರೆ. ಅದರ ಮೇಲೆ ಬಗ್ಗಿ ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ಎಪ್ಪತ್ತೆರಡು ಮಕ್ಕಳು, ನನಗೆ ಒಂದು ಪಿಸುಮಾತೂ ಕೇಳಲಿಲ್ಲ. ಅಷ್ಟು ಬಿಗಿಯಾಗಿ ಮುಚ್ಚಿದ್ದೀನಿ. ನಿನ್ನ ಬೆನ್ನು ನನ್ನ ಕಿವಿಯಿಂದ ಒಂದು ಗೇಣು ದೂರ ಇತ್ತೋ ಏನೋ. ಎರಡು ಬೆಂಚು ಇಳಿಸಿದೆ, ಅಷ್ಟರಲ್ಲಿ ಕಾವಲುಗಾರ ಬಂದು ಗದರಿದ. ‘ಯಾರ ತಂದೆ ನೀನು, ಹೆಸರು ಹೇಳು’ ಅಂದ. ನಾನು ಹೇಳದೆ ಓಡಿ ಬಂದೆ. ನಿನ್ನ ಸೀಟು ಹೋಗುತ್ತೆ ಅಂತ ಹೆದರಿದೆ. ಅಪ್ಪನ ಯೋಗ್ಯತೆ ಇಷ್ಟೇ ಮರಿ.

ಈಗ ಕೇಳು. ಏನೇ ಆಗಲಿ ಹಿಂದಕ್ಕೆ ಹೋಗಬೇಡ. ಮುಂದಿನ ಬಾಗಿಲನ್ನೇ ಬಡಿ, ಕೂಗು. ಇದನ್ನ ಎಲ್ಲರಿಗೂ ಹೇಳು. ಅಪ್ಪ ಸುಳ್ಳುಗಾರ ಅಂತಾನೇ ಹೇಳು.

ಇಂತಿ ಅಪ್ಪ


ಸೆಪ್ಟೆಂಬರ್ ೧೭

ಅಪ್ಪಾ,

ನನಗೇನೂ ಆಗಿಲ್ಲ. ಮೊದಲು ಇಷ್ಟನ್ನ ಅಮ್ಮನಿಗೆ ಓದಿ ಹೇಳು, ಆಮೇಲೆ ಮುಂದಕ್ಕೆ ಓದು.

ನಿನ್ನ ಪತ್ರ ಹದಿಮೂರಕ್ಕೆ, ಶನಿವಾರ ಸಂಜೆ ಸಿಕ್ಕಿತು. ಸ್ನಾನದ ಮನೆಯಲ್ಲಿ ಕೂತು ಓದಿದೆ. ನಿನ್ನ ಮೇಲೆ ಎಂಥಾ ಸಿಟ್ಟು ಬಂತು ಅಂದ್ರೆ, ಪತ್ರ ಚೂರು ಚೂರು ಮಾಡಿ ನೀರು ಸುರಿದೆ. ಈಗಲೇ ಎಲ್ಲರಿಗೂ ಹೇಳಿಬಿಡ್ತೀನಿ ಅಂತ ಹೊರಗೆ ಬಂದೆ. ಗುಬ್ಬಿ ಕನ್ನಡಿ ಹಿಡ್ಕೊಂಡು ‘ನೋಡೇ, ಹುಬ್ಬು ಬರ್ತಾ ಇದೆ’ ಅಂದಳು. ‘ಹೌದು ಕಣೇ’ ಅಂದೆ. ಸೋಮವಾರ ದೊಡ್ಡ ಪರೀಕ್ಷೆ, ಅದಾಗಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಭಾನುವಾರವೂ ಹೇಳಲಿಲ್ಲ. ಎಪ್ಪತ್ತೆರಡು ಜನ ನಗುನಗುತ್ತಾ ಓದ್ತಾ ಇದ್ದರು ಅಪ್ಪಾ. ನೀನು ಯಾಕೆ ಹೇಳಲಿಲ್ಲ ಅಂತ ನನಗೆ ಆ ದಿನ ಗೊತ್ತಾಯ್ತು.

ಸೋಮವಾರ ಹತ್ತೂವರೆಗೆ ಚಿಲಕ ಹಾಕಿದ್ರು. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯ್ತು. ಕಣ್ಣು ತೆರೆದ್ರೂ ಮುಚ್ಚಿದ್ರೂ ಒಂದೇ. ಅಂಥ ಕತ್ತಲು ನಾನು ನೋಡಿಲ್ಲ. ಮೊದಲು ಯಾರೂ ಕಿರುಚಲಿಲ್ಲ, ಒಬ್ಬಳು ನಕ್ಕಳು ಕೂಡ. ಮುಂದಿನವರು ಬಾಗಿಲು ಬಡಿದರು. ಯಾರೂ ಬರಲಿಲ್ಲ. ಕರೆಂಟ್ ನೋಡೋಕೆ ಅಂತ ಮೇಷ್ಟ್ರೂ ಅಟೆಂಡರೂ ಆಚೆ ಕಟ್ಟಡಕ್ಕೆ ಹೋಗಿದ್ದರಂತೆ. ಫ್ಯಾನು ನಿಂತ ಮೇಲೆ ಉಸಿರು ಭಾರವಾಯ್ತು. ಯಾರೋ ಅಳೋಕೆ ಶುರು ಮಾಡಿದರು. ಆಗ ನನ್ನ ಪಕ್ಕದಲ್ಲೇ ಗುಬ್ಬಿ ಎದ್ದು ಕೂಗಿದಳು, ‘ಹೆದರಬೇಡಿ, ಎಲ್ಲಾ ಹಿಂದೆ ಬನ್ನಿ, ಇಲ್ಲಿ ಬಾಗಿಲಿದೆ’ ಅಂತ.

ನಾನು ಹಲಗೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತೆ. ‘ಬರಬೇಡಿ, ಇದು ತೆರೆಯಲ್ಲ, ನಮ್ಮಪ್ಪ ಸುಳ್ಳು ಹೇಳಿದ್ದು’ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಯಾರೂ ನಂಬಲಿಲ್ಲ. ಬಾಗಿಲಿದೆ ಅಂದವಳೂ ನಾನೇ ಅಲ್ವಾ? ‘ಪಾಪ, ಇವಳು ಹೆದರಿದ್ದಾಳೆ’ ಅಂತ ಗುಬ್ಬಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಎಲ್ಲರೂ ಬಂದು ಬಿದ್ದರು. ಹಲಗೆ ಒಡೀತು. ‘ಸಿಕ್ತು, ಬಾಗಿಲು ಸಿಕ್ತು’ ಅಂತ ಖುಷಿಯಿಂದ ಕೂಗಿದ್ದು ಕೇಳಿಸ್ತು. ಆಮೇಲೆ ಮುಂದಿದ್ದವರು ಕತ್ತಲಲ್ಲಿ ಹಿಡಿ ತಡಕಾಡಿದರು. ಹಿಂದಿನವರು ನೂಕ್ತಾನೇ ಇದ್ದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಹದಿನಾಲ್ಕು ನಿಮಿಷ ಅಂತ ಆಮೇಲೆ ಯಾರೋ ಹೇಳಿದರು.

ಮುಂದಿನ ಬಾಗಿಲು ತೆರೆದು ಬೆಳಕು ಬಂದಾಗ ಎಲ್ಲರೂ ಆ ಕಡೆ ಓಡಿದರು. ಗುಬ್ಬಿ ಏಳಲಿಲ್ಲ. ಎಲ್ಲರ ಕೆಳಗೆ ಅವಳಿದ್ದಳು. ಮೂರು ಪಕ್ಕೆಲುಬು ಮುರಿದಿದೆ, ಒಂದು ಕೈ ಮುರಿದಿದೆ. ರಾತ್ರಿವರೆಗೂ ಪ್ರಜ್ಞೆ ಇರಲಿಲ್ಲ. ಬದುಕ್ತಾಳೆ ಅಂತ ಡಾಕ್ಟರು ಹೇಳೋವರೆಗೂ ನಾನು ಆಸ್ಪತ್ರೆ ಮೆಟ್ಟಿಲ ಮೇಲೇ ಕೂತಿದ್ದೆ, ವಾರ್ಡನ್ ಎಳೆದ್ರೂ ಏಳಲಿಲ್ಲ.

ಪ್ರಿನ್ಸಿಪಾಲರು ನಿನಗೆ ಫೋನ್ ಮಾಡಿರ್ತಾರೆ. ಹಲಗೆ ಸಡಿಲ ಆಗಿದೆ, ಭಾನುವಾರ ಬಂದು ಭದ್ರ ಮಾಡಿಕೊಡಿ ಅಂತಷ್ಟೇ ಹೇಳಿರ್ತಾರೆ. ಸೋಮವಾರದಿಂದ ಮತ್ತೆ ಅದೇ ಕೋಣೆಯಲ್ಲಿ ಕ್ಲಾಸು. ಈ ಸಲ ದಪ್ಪ ಹಲಗೆ ಹಾಕಿಸ್ತೀನಿ ಅಂತ ನನ್ನ ಮುಂದೇನೇ ಹೇಳಿದರು.

ಇವತ್ತು ಗುಬ್ಬಿ ಸರಿಯಾಗಿ ಕಣ್ಣು ಬಿಟ್ಟು ಮಾತಾಡಿದಳು. ಮೊದಲ ಮಾತು ಏನು ಗೊತ್ತಾ? ‘ಬಾಗಿಲು ತೆರೀತಾ?’ ಅಂದಳು. ಅವಳ ಮುಖ ನೋಡಿದೆ. ‘ತೆರೀತು. ಎಲ್ಲರೂ ಅಲ್ಲಿಂದಾನೇ ಆಚೆ ಬಂದ್ವಿ’ ಅಂದೆ. ‘ನಾನು ಹೇಳಲಿಲ್ವಾ’ ಅಂತ ಕಣ್ಣು ಮುಚ್ಚಿದಳು. ಸಮಾಧಾನವಾಗಿ ನಿದ್ದೆ ಹೋದಳು.

ಅವಳಿಗೆ ವಾಸಿಯಾಗೋಕೆ ಆರು ವಾರ ಬೇಕಂತೆ. ಆಮೇಲೆ ಅವಳು ಅದೇ ಕೋಣೆಗೆ ಬರ್ತಾಳೆ. ನನ್ನ ಕೈಲಿ ಅವಳಿಗೆ ನಿಜ ಹೇಳೋಕಾಗಲ್ಲ ಅಪ್ಪಾ, ನಾನೂ ನಿನ್ನ ಹಾಗೇ. ಬಂದವಳೇ ನೇರ ಹಿಂದಕ್ಕೆ ಹೋಗಿ ಆ ಬಾಗಿಲು ನೂಕ್ತಾಳೆ. ನೂಕೇ ನೂಕ್ತಾಳೆ, ನನಗೆ ಗೊತ್ತು.

ಭಾನುವಾರ ಬಾ, ಭದ್ರ ಮಾಡೋಕಲ್ಲ, ಅಗಳಿ ಕೀಳೋಕೆ. ನನ್ನ ಸೀಟು ಹೋದ್ರೆ ಹೋಗಲಿ. ಕಾವಲುಗಾರ ಹೆಸರು ಕೇಳಿದ್ರೆ ಇವಳ ತಂದೆ ಅಂತ ನನ್ನ ಹೆಸರು ಹೇಳು, ನಾನು ಗೇಟಿನಲ್ಲೇ ನಿಂತಿರ್ತೀನಿ. ಗುಬ್ಬಿ ನೂಕಿದಾಗ ಅದು ತೆರೀಬೇಕು.

ಇಂತಿ ನಿನ್ನ ಮಗಳು